ಅಲಾರಾಂ ವಾಪಸ್ ಕಳಿಸ್ಬೇಡಿ, ಜಾಗ ಬದಲಾಯ್ಸಿ

ಅಣ್ಣಾ, ನಿಮ್ಮ ಸ್ಮೋಕ್ ಅಲಾರಾಂ ಕೆಟ್ಟಿಲ್ಲ. ಒಗ್ಗರಣೆ ಹಾಕ್ದಾಗೆಲ್ಲ ಕೂಗ್ಕೊಳ್ಳತ್ತೆ, ಅಮ್ಮ ಬೈದು ಬ್ಯಾಟ್ರಿ ಕಿತ್ತಿಟ್ಟಿದಾರೆ ಅಂತ ಬರ್ದಿದೀರಲ್ಲ, ಅಮ್ಮಂದೇನೂ ತಪ್ಪಿಲ್ಲ, ಒಲೆ ನೆತ್ತಿ ಮೇಲೆ ಅದನ್ನ ತಂದು ಹೊಡೆದವರದ್ದು ತಪ್ಪು. ನಾನು ಇನ್ನೂ ಬುದ್ಧಿವಂತ, ಬಚ್ಚಲ ಒಲೆ ಹತ್ರ ಹಾಕಿದ್ದೆ, ಬೆಳಿಗ್ಗೆ ಸ್ನಾನದ ನೀರಿಗೆ ಬೆಂಕಿ ಹಾಕಿದ್ರೆ ಸಾಕು ಕೇರಿಗೆಲ್ಲ ಸುಪ್ರಭಾತ.

ನಮ್ಮ ಮಲೆನಾಡಿನ ಮನೇಲಿ ಹೊಗೆ ಅನ್ನೋದು ದಿನದ ಸಂಗತಿ, ಅಡಿಕೆ ಬೇಯಿಸೋ ಕಾಲದಲ್ಲಂತೂ ಕೇಳೋದೇ ಬೇಡ. ಅದಕ್ಕೇ ಹೊಗೆ ಅಲಾರಾಂ ಮಲಗೋ ಕೋಣೆಗೆ, ನಡುಮನೆಗೆ, ಇನ್ವರ್ಟರ್ ಇಟ್ಟಿರೋ ಕಡೆಗೆ ಹಾಕಿ, ಒಲೆಯಿಂದ ಕಡಿಮೆ ಅಂದ್ರೂ 10 ಅಡಿ ದೂರ ಇರ್ಲಿ. ಹೆಂಚಿನ ಮನೆ ಆದ್ರೆ ಮೇಲೆ ಹೆಂಚಿನ ಹತ್ರ ಹಾಕಿ ಪ್ರಯೋಜನ ಇಲ್ಲ, ಹೊಗೆ ಸಂದಿಯಲ್ಲೇ ಹೊರಗೆ ಹೋಗ್ಬಿಡತ್ತೆ, ಮರದ ಮುಚ್ಚಿಗೆ ಇದ್ಯಲ್ಲ ಅದರ ಅಡಿಗೆ ಹೊಡೀರಿ. ತಗೊಳ್ವಾಗ ಫೋಟೋಎಲೆಕ್ಟ್ರಿಕ್ ಅಂತ ಬರ್ದಿರೋದು ನೋಡಿ, ಹಾಸಿಗೆ, ಗೋಣಿಚೀಲ, ಅಡಿಕೆ ಸಿಪ್ಪೆ ಇಂಥವು ಉರಿಯದೆ ಬರೀ ಹೊಗೆಯಾಡೋ ಬೆಂಕಿನ ಅದು ಬೇಗ ಹಿಡಿಯತ್ತೆ. ಮಳೆಗಾಲದಲ್ಲಿ ಸಣ್ಣ ಹುಳ ಒಳಗೆ ಹೋಗಿ ಸುಮ್ನೆ ಕೂಗತ್ತೆ, ಬ್ರಶ್ಶಲ್ಲಿ ಒರೆಸಿದ್ರೆ ಸಾಕು. ಆಗಾಗ ಒಂದೊಂದೇ ಟುಯ್ಕ್ ಅಂದ್ರೆ ಸಾಮಾನ್ಯವಾಗಿ ಬ್ಯಾಟ್ರಿ ಮುಗೀತು ಅಂತ ಅರ್ಥ. ಹತ್ತು ವರ್ಷ ಆದ್ಮೇಲೆ ಚೆನ್ನಾಗೇ ಇದೆ ಅನ್ಸಿದ್ರೂ ಬದಲಾಯ್ಸಿ.

ಅಡುಗೆಮನೆಗೆ ಬೇಕಾಗಿರೋದು ಗ್ಯಾಸ್ ಡಿಟೆಕ್ಟರ್, ಅದು ಬೇರೇನೇ ಸಾಮಾನು. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ನೆಲಕ್ಕಿಳಿದು ಕೂರತ್ತೆ, ಅದಕ್ಕೆ ನೆಲದಿಂದ ಒಂದಡಿ ಮೇಲೆ ಇರ್ಬೇಕು. ನಮ್ಮಲ್ಲಿ ಪ್ಲಗ್ ಪಾಯಿಂಟೆಲ್ಲ ಕಟ್ಟೆ ಮೇಲೇ ಇರೋದು, ಎಲ್ಲರೂ ಅಲ್ಲೇ ಸಿಕ್ಕಿಸ್ತಾರೆ, ಗ್ಯಾಸು ಅಷ್ಟೆತ್ತರ ತುಂಬೋ ಹೊತ್ತಿಗೆ ಮುಗ್ದಿರತ್ತೆ ಕಥೆ. ಎಲೆಕ್ಟ್ರೀಷಿಯನ್ ಕರ್ಸಿ ಕೆಳಗೊಂದು ಪಾಯಿಂಟ್ ಎಳೆಸಿ, ಅದೂ ಇನ್ವರ್ಟರ್ ಲೈನಿಂದಲೇ, ಆಷಾಢದಲ್ಲಿ ಮೂರ್ಮೂರು ದಿನ ಕರೆಂಟ್ ಇಲ್ಲದಾಗ ಅದು ಗೊಂಬೆ ಥರ ಕೂತಿರತ್ತೆ ಇಲ್ಲಾಂದ್ರೆ. ಗೋಬರ್ ಗ್ಯಾಸ್ ಒಲೆ ಇರೋರು ಇದನ್ನ ನಂಬ್ಕೊಂಡು ಕೂರ್ಬೇಡಿ, ಅದರ ಮೀಥೇನು ಹೀಗೆ ಕೆಳಗಿಳಿಯಲ್ಲ. ಸೋರಿದ ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬೇಡ ಆರಿಸೋದೂ ಬೇಡ, ಎಕ್ಸಾಸ್ಟ್ ಫ್ಯಾನಂತೂ ಮುಟ್ಲೇಬೇಡಿ, ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿಗೆ 101 ಇಲ್ಲಾ 112.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಬಾಣಂತಿ ಕೋಣೆಲಿ ಕೆಂಡ ಇಟ್ಟು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಮಲಗಿಸ್ತಾರಲ್ಲ, ಆ ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಕಣ್ಣಿಗೂ ಕಾಣಲ್ಲ, ಹೊಗೆ ಅಲಾರಾಂಗೂ ಗೊತ್ತಾಗಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕ್ಸಿದ್ರೂ ಇದೇ ಅಪಾಯ. ಮೈ ಕಾಯಿಸಿ ಆದ್ಮೇಲೆ ಕೆಂಡ ಹೊರಗೆ ತಂದಿಡಿ, ಅಜ್ಜಿಯಂದ್ರು ಎಷ್ಟೇ ಗೊಣಗ್ಲಿ.

ನಮ್ಮನೆ ಕಥೆ ಹೇಳ್ಬೇಕಂದ್ರೆ ಬೆಂಕಿ ಬಿದ್ದಿದ್ದು ಒಲೆಯಿಂದಲೂ ಅಲ್ಲ ಗ್ಯಾಸಿಂದಲೂ ಅಲ್ಲ, ಬೂದಿಯಿಂದ. ತೋಟಕ್ಕೆ ಹಾಕಣ ಅಂತ ಬಚ್ಚಲ ಒಲೆ ಬೂದಿನ ಅವತ್ತೇ ಸಂಜೆ ಖಾಲಿ ಗೊಬ್ಬರದ ಚೀಲಕ್ಕೆ ತುಂಬಿ ಕೊಟ್ಟಿಗೆ ಪಕ್ಕ ಇಟ್ಟಿದ್ದೆ, ಒಳಗೆ ಎಲ್ಲೋ ಒಂದು ಕೆಂಡ ಇತ್ತು, ಪಕ್ಕದಲ್ಲೇ ದರಗಿನ, ಅಂದ್ರೆ ಒಣಗಿದ ಎಲೆಯ ರಾಶಿ. ರಾತ್ರಿ ಎರಡು ಗಂಟೆಗೆ ದನ ಕೂಗಿದ್ದಕ್ಕೆ ಎದ್ದೆ, ಇಲ್ಲಾಂದ್ರೆ ಅಟ್ಟದ ಹುಲ್ಲಿಗೆ ಹತ್ತೋದಕ್ಕೆ ಎಷ್ಟು ಹೊತ್ತು. ಹಗ್ಗ ಬಿಚ್ಚಕ್ಕೆ ಹೋದ್ರೆ ದನ ಎಳೆದೂ ಎಳೆದೂ ಗಂಟು ಬಿಗಿಯಾಗಿ ಕೂತಿತ್ತು. ಅವತ್ತಿಂದ ಕೊಟ್ಟಿಗೆ ಬಾಗಿಲಲ್ಲಿ ಒಂದು ಕತ್ತಿ ನೇತಾಡ್ತಾನೇ ಇರತ್ತೆ, ಯಾರೂ ತೆಗೆಯೋ ಹಾಗಿಲ್ಲ. ಬೂದಿ ಈಗ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ಎರಡು ದಿನ ಅಂಗಳದಲ್ಲಿ ಕೂತ ಮೇಲೇ ಚೀಲಕ್ಕೆ. ಮೋಟಾರ್ ಇದೆಯಲ್ಲ, ನೀರು ಹೊಡೆದ್ರಾಯ್ತು ಅಂದ್ಕೋಬೇಡಿ, ಮೊದ್ಲು ಮೇನ್ ಆಫ್ ಮಾಡ್ಬೇಕಾಗತ್ತೆ, ಆಮೇಲೆ ಮೋಟಾರ್ ಎಲ್ಲಿಂದ ಓಡತ್ತೆ? ಮೇಲಿನ ಟ್ಯಾಂಕಿಂದ ಕೊಟ್ಟಿಗೆವರೆಗೂ ತಾನಾಗೇ ಇಳಿಯೋ ಒಂದು ನಲ್ಲಿ, ಅದಕ್ಕೊಂದು ಪೈಪು, ಅಷ್ಟು ಮಾಡ್ಕೊಳ್ಳಿ.

ಈಗ ಬ್ಯಾಟ್ರಿ ವಾಪಸ್ ಹಾಕಿ ನಡುಮನೇಲಿ ಹಿಡ್ಕೊಂಡು ಟೆಸ್ಟ್ ಬಟನ್ ಒತ್ತಿ ನೋಡಿ, ಕೋಣೆ ಬಾಗಿಲು ಹಾಕ್ಕೊಂಡು ಮಲಗಿದ ಅಮ್ಮಂಗೆ ಕೇಳತ್ತಾ ಅಂತ. ಕೇಳ್ಲಿಲ್ಲ ಅಂದ್ರೆ ಕೋಣೆಗೇ ಇನ್ನೊಂದು ತಗೊಳ್ಳಿ. ಎಲ್ಲಿ ಹೊಡೆದ್ರಿ ಅಂತ ಫೋಟೋ ಹಾಕಿ.