ಬಯಲಿಗೊಂದು ಕಾಡಿಗೊಂದು ಬೇಡ

ಅಮೆರಿಕದ ಕೊಲೊರಾಡೊದಲ್ಲಿ ರೈಫಲ್ ಹಿಡಿದು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗಲು ಬಯಲಿಗೊಂದು, ಪೈನ್ ಕಾಡಿಗೊಂದು ಕ್ಯಾಮೊ ಬಟ್ಟೆ (ಸುತ್ತಲಿನ ಗಿಡ-ನೆಲದ ಜೊತೆ ಬೆರೆತು ಮರೆಯಾಗುವ ಚಿತ್ತಾರದ್ದು) ಬೇಕಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ. ಅಲ್ಲಿ ಸೊಂಟದಿಂದ ಮೇಲಕ್ಕೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ, ಟೋಪಿಯೂ ಅದೇ ಬಣ್ಣದ್ದು. ಕಿತ್ತಳೆ ಕ್ಯಾಮೊ ಲೆಕ್ಕಕ್ಕಿಲ್ಲ. ಇನ್ನು ಉಳಿಯುವುದು ಪ್ಯಾಂಟು ಅಲ್ವಾ? ಬೂದು-ಕಂದು ಬಣ್ಣದ, ದೊಡ್ಡ ಮಚ್ಚೆಯದು ಎರಡೂ ಕಡೆ ನಡೆಯುತ್ತದೆ. ಸಣ್ಣ ಎಲೆಯ ಚಿತ್ತಾರ ದೂರಕ್ಕೆ ಒಂದೇ ಮುದ್ದೆಯಾಗಿ ಕಾಣುತ್ತದೆ.

ಎಲ್ಕ್ ಕಣ್ಣಿಗೆ ಕಿತ್ತಳೆ ಮಂಕು, ನೀಲಿ ಜಾಸ್ತಿ ಎದ್ದು ಕಾಣುತ್ತದೆ. ಜೀನ್ಸ್ ಬೇಡ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯೂ ಬೇಡ. ಅಂಗಡಿಯಲ್ಲೇ ತೊಡೆಯ ಭಾಗ ಒಂದಕ್ಕೊಂದು ಉಜ್ಜಿ ನೋಡಿ. ಸರಸರ ಸದ್ದು ಬಂದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಇಟ್ಟುಬಿಡಿ.