ವೆಂಟ್ರಿಲೋ ಯಾವ ಊರು?

ಪ್ರಶ್ನೆ: ನನ್ನ ಮಗ ಯಾವುದೋ ಸ್ವೀಡಿಷ್ ಹಾಡು ಹಾಕಿಕೊಂಡು ಕುಣಿಯುತ್ತಾನೆ. ಅರ್ಥ ಏನೋ ಅಂದರೆ ‘ವೆಂಟ್ರಿಲೋದಲ್ಲಿ ಕೂತು ಡೋಟಾ ಆಡ್ತಿದ್ದೀವಿ’ ಅಂತಾನೆ. ನನ್ನನ್ನೇನು ಮಂಗ ಮಾಡ್ತಿದ್ದಾನಾ? ಈ ವೆಂಟ್ರಿಲೋ ಯಾವ ಊರು?
— ಒಬ್ಬ ತಾಯಿ

ಉತ್ತರ: ಇಲ್ಲ ತಾಯಿ, ಈ ಸಲ ಹುಡುಗ ಸತ್ಯವನ್ನೇ ಹೇಳಿದ್ದಾನೆ. ಹಾಡಿನ ಹೆಸರೇ ಅದು. ಬಾಸ್‌ಹಂಟರ್ ಎಂಬ ಸ್ವೀಡನ್ನಿನ ಗಾಯಕ 2006ರಲ್ಲಿ ಇದನ್ನು ಹೊರತಂದಾಗ ಅವನಿಗೆ 21 ವರ್ಷವಷ್ಟೇ.

ವೆಂಟ್ರಿಲೋ ಊರಲ್ಲ, ಆಡುವವರು ಪರಸ್ಪರ ಮಾತಾಡಲು ಬಳಸುತ್ತಿದ್ದ ಸಾಫ್ಟ್‌ವೇರ್. ಡೋಟಾ ಅಂದರೆ ವಾರ್‌ಕ್ರಾಫ್ಟ್ 3 ಆಟದೊಳಗೆ ಅಭಿಮಾನಿಗಳೇ ಕಟ್ಟಿಕೊಂಡ ಇನ್ನೊಂದು ಆಟ. ಈ ಕಡೆ ಐದು ಜನ, ಆ ಕಡೆ ಐದು ಜನ. ಎದುರಾಳಿಯ ಕೋಟೆ ಕೆಡವಬೇಕು. ‘ಹಿಂದೆ ಬಾರೋ’ ಅಂತ ಟೈಪ್ ಮಾಡುತ್ತ ಕೂತರೆ ಅಷ್ಟರಲ್ಲಿ ನಿಮ್ಮ ಹೀರೋ ಸತ್ತು ಬಿದ್ದಿರುತ್ತಾನೆ. ಅದಕ್ಕೇ ಹೆಡ್‌ಸೆಟ್. ಒಂದು ಕೀ ಒತ್ತಿ ಹಿಡಿದರೆ ಮಾತು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಮ್ಮ ಗುಂಪಿನಲ್ಲೊಬ್ಬ ಕೀ ಬಿಡೋದನ್ನೇ ಮರೀತಿದ್ದ. ಅವನ ಫ್ಯಾನಿನ ಕಿರ್ರ್ ಸದ್ದು, ಅವರಮ್ಮ ‘ಇನ್ನೂ ಮಲಗಿಲ್ವೇನೋ’ ಅಂತ ಬಾಗಿಲು ಬಡಿಯೋದು, ಎಲ್ಲ ನಮ್ಮ ಕಿವಿಗೇ. ನಾವು ನಾಲ್ವರೂ ಒಟ್ಟಿಗೆ ‘ಮಲಗಿದಾನೆ ಆಂಟೀ’ ಅಂತಿದ್ವಿ. ಅವರಿಗೆ ಕೇಳುತ್ತಿರಲಿಲ್ಲ, ಇವನಿಗೆ ನಗು ತಡೆಯೋಕಾಗ್ತಿರಲಿಲ್ಲ.

ಹಾಡಿನಲ್ಲಿರೋದೂ ಇಷ್ಟೇ: ಗೆಳೆಯರು ಕೂತಿದ್ದಾರೆ, ಆಡ್ತಿದ್ದಾರೆ, ಎದುರಾಳಿಗಳನ್ನು ಗುಡಿಸಿ ಹಾಕ್ತಿದ್ದಾರೆ. ಪ್ರೇಮ ಇಲ್ಲ, ವಿರಹ ಇಲ್ಲ. ಕುರ್ಚಿ ಬಿಟ್ಟೇಳದವರ ಮೇಲೆ ಕಟ್ಟಿದ ಹಾಡಿಗೆ ಜನ ಎದ್ದು ಕುಣಿದರು! ಟ್ಯೂನ್ ಮಾತ್ರ ಸ್ವಂತದ್ದಲ್ಲ, ಫ್ರೆಂಚರ ‘ಡ್ಯಾಡಿ ಡಿಜೆ’ ಅನ್ನೋ ಹಾಡಿನಿಂದ ಬಂದದ್ದು. 2008ರಲ್ಲಿ ಅದೇ ಟ್ಯೂನಿಗೆ ಇಂಗ್ಲಿಷ್ ಸಾಹಿತ್ಯ ಕೂಡಿಸಿ ‘ಆಲ್ ಐ ಎವರ್ ವಾಂಟೆಡ್’ ಮಾಡಿದಾಗ ಆಟ ಹೋಗಿ ಹುಡುಗಿ ಬಂದಳು. ನನಗೆ ಅಲ್ಲಿಗೆ ಅದರ ರುಚಿ ಕೆಟ್ಟಿತು. ಹುಡುಗಿ ಮೇಲೆ ಯಾರು ಬೇಕಾದರೂ ಹಾಡು ಬರೀತಾರೆ. ಸಾಫ್ಟ್‌ವೇರ್ ಮೇಲೆ ಬರೆಯೋಕೆ ಎದೆಗಾರಿಕೆ ಬೇಕು.

ಅಂದ ಹಾಗೆ, ಆಟದ ನಡುವೆ ಕರೆದರೆ ಮಗರಾಯ ‘ಬಂದೆ’ ಅಂತಾನೆ, ಬರೋದಿಲ್ಲ, ಅಲ್ವಾ? ಒಂದು ಪಂದ್ಯ ಮುಕ್ಕಾಲು ಗಂಟೆಯೂ ಎಳೆಯಬಹುದು, ನಡುವೆ ಎದ್ದರೆ ಉಳಿದ ನಾಲ್ವರ ಶಾಪ ಅವನಿಗೆ. ಬೈಯುವ ಮುಂಚೆ ಮೈಕ್ ಆಫ್ ಇದೆಯಾ ಅಂತ ಕೇಳಿಕೊಳ್ಳಿ.