ಮೇಲೆ ಗನ್ ಇಟ್ರೆ ತಪ್ಪಿಲ್ಲ, ಅಣುಬಾಂಬ್ ಇಟ್ರೆ ತಪ್ಪು: ಬಾಹ್ಯಾಕಾಶದ ಅಸ್ತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಲ ಹಳೇ ಸ್ಯಾಟಲೈಟ್‌ಗಳ ಕಥೆ ಕೊನೆಗೆ ಏನಾಗುತ್ತೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸ್ಯಾಟಲೈಟ್ ಬಗ್ಗೆ ಅಲ್ಲ, ಅದನ್ನ ಹೊಡೆದು ಹಾಕೋದ್ರ ಬಗ್ಗೆ! ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ, ಉಳಿದವರು ಬೇಜಾರು ಮಾಡ್ಕೋಬೇಡಿ, ಬಹಳಷ್ಟು ಪ್ರಶ್ನೆ ಇವುಗಳ ಒಳಗೇ ಬಂದು ಹೋಗುತ್ತೆ.

"ರಷ್ಯಾದವರು ಮೇಲೆ ಅಣುಬಾಂಬ್ ಇಡ್ತಾರಂತೆ, ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿತ್ತು. ಅದು ಸಿಡಿದ್ರೆ ನಮ್ಮ ತಲೆ ಮೇಲೆ ಬೀಳುತ್ತಾ? ಮೊಬೈಲು ಟೀವಿ ಎಲ್ಲ ನಿಂತೋಗುತ್ತಾ?" (ಶಿವಮೊಗ್ಗದಿಂದ ಒಬ್ಬ ಗೃಹಿಣಿ)

ತಲೆ ಮೇಲೆ ಬೀಳಲ್ಲ ಅಮ್ಮಾ, ಆ ಭಯ ಬಿಡಿ. ಆದ್ರೆ ಪ್ರಶ್ನೆ ಮಾತ್ರ ತಮಾಷೆದಲ್ಲ, ಯಾಕಂದ್ರೆ ಇದನ್ನ ಒಂದು ಸಲ ಮಾಡಿ ನೋಡಿ ಆಗಿದೆ.

1962ರ ಜುಲೈ 9ನೇ ತಾರೀಕು, ಹವಾಯಿಯಲ್ಲಿ ಆಗ ಇನ್ನೂ 8ರ ರಾತ್ರಿ ಹನ್ನೊಂದು ಗಂಟೆ. ಅಮೆರಿಕದವರು ಪೆಸಿಫಿಕ್ ಸಮುದ್ರದ ಜಾನ್‌ಸ್ಟನ್ ಅನ್ನೋ ಪುಟ್ಟ ದ್ವೀಪದಿಂದ ಒಂದು ರಾಕೆಟ್ ಹಾರಿಸಿ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಶಕ್ತಿಯ ಅಣುಬಾಂಬ್ ಸಿಡಿಸಿದ್ರು, ಸ್ಟಾರ್‌ಫಿಶ್ ಪ್ರೈಮ್ ಅಂತ ಅದರ ಹೆಸರು. ಈಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತೋ ಎತ್ತರ ಹೆಚ್ಚುಕಮ್ಮಿ ಅದೇ. ಮುಂಚೆನೇ ಸುದ್ದಿ ಗೊತ್ತಿದ್ರಿಂದ ಹವಾಯಿಯ ಹೋಟೆಲ್‌ಗಳಲ್ಲಿ ಟೆರೇಸ್ ಮೇಲೆ ಪಾರ್ಟಿ ಇಟ್ಕೊಂಡು ಜನ ಕಾಯ್ತಾ ಕೂತಿದ್ರಂತೆ, ನಾವು ಗ್ರಹಣ ನೋಡೋಕೆ ಮಹಡಿ ಹತ್ತಲ್ವಾ ಹಾಗೆ. ಆಕಾಶ ಕೆಂಪಾಯ್ತು, ಹಸಿರಾಯ್ತು. ಜೊತೆಗೆ ಅಲ್ಲಿಂದ ಸುಮಾರು 1,450 ಕಿ.ಮೀ. ದೂರ ಇದ್ದ ಹವಾಯಿಯಲ್ಲೇ ಬೀದಿದೀಪಗಳು ಸಾಲುಸಾಲಾಗಿ ಆರಿಹೋದ್ವು. ಅದಕ್ಕಿಂತ ದೊಡ್ಡ ಏಟು ಆಮೇಲೆ ಗೊತ್ತಾಗಿದ್ದು. ಸ್ಫೋಟದಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಾಕ್ಕೊಂಡು ತಿಂಗಳುಗಟ್ಟಲೆ ಅಲ್ಲೇ ಸುತ್ತುತ್ತಾ ಒಂದೊಂದೇ ಸ್ಯಾಟಲೈಟ್‌ನ ಹಾಳು ಮಾಡ್ತಾ ಹೋದ್ವು. ಬ್ರಿಟನ್ನಿನ ಮೊಟ್ಟಮೊದಲ ಸ್ಯಾಟಲೈಟ್ ಏರಿಯಲ್-1 ಏಟು ತಿಂತು, ಅದು ಮಿತ್ರರಾಷ್ಟ್ರದ್ದು ಬೇರೆ! ಟೆಲ್‌ಸ್ಟಾರ್ ಅಂತ ಅಮೆರಿಕದ್ದೇ ಟೀವಿ ಸ್ಯಾಟಲೈಟು, ಸ್ಫೋಟದ ಮಾರನೇ ದಿನ ಮೇಲೆ ಹೋಗಿದ್ದು, ಅದೂ ಕೆಲವೇ ತಿಂಗಳಲ್ಲಿ ಕೈಕೊಡ್ತು.

ಇನ್ನು ರಷ್ಯಾ ವಿಷಯ. 2024ರ ಫೆಬ್ರವರಿಯಲ್ಲಿ ಅಮೆರಿಕ ಇಂಥಾ ಒಂದು ಅಸ್ತ್ರ ತಯಾರಾಗ್ತಿದೆ ಅಂತ ಹೇಳ್ತು, ಪುಟಿನ್ ಅಂಥದ್ದೇನೂ ಇಲ್ಲ ಅಂದ್ರು. ಆ ಏಪ್ರಿಲ್ 24ಕ್ಕೆ ಅಮೆರಿಕ ಮತ್ತು ಜಪಾನ್ ಸೇರಿ ಭದ್ರತಾ ಮಂಡಳಿಯಲ್ಲಿ, ಕಕ್ಷೆಯಲ್ಲಿ ಅಣ್ವಸ್ತ್ರ ಇಡಬಾರದು ಅಂತ ಈಗಾಗಲೇ ಇರೋ ನಿಯಮವನ್ನ ಇನ್ನೊಂದು ಸಲ ಎಲ್ಲರೂ ಒಪ್ಪೋಣ ಅಂತ ನಿರ್ಣಯ ತಂದ್ರು. 13 ದೇಶ ಪರ, ಚೀನಾ ತಟಸ್ಥ, ರಷ್ಯಾ ವೀಟೋ. ಬರೀ ಅಣ್ವಸ್ತ್ರ ಯಾಕೆ, ಎಲ್ಲಾ ಅಸ್ತ್ರನೂ ಸೇರಿಸಿ ಅನ್ನೋದು ಅವರ ವಾದ. ಮುಂದಿನ ತಿಂಗಳು ತಮ್ಮದೇ ನಿರ್ಣಯ ತಂದ್ರು, ಅದಕ್ಕೆ 7 ಪರ 7 ವಿರೋಧ ಬಿದ್ದು ಅದೂ ಬಿದ್ದೋಯ್ತು. ಭದ್ರತಾ ಮಂಡಳಿಯಲ್ಲಿ ಕಥೆ ಅಲ್ಲಿಗೆ ನಿಂತಿದೆ.

ನಿಮ್ಮ ಟೀವಿ ಬಗ್ಗೆ: ಡಿಶ್ ಆಂಟೆನಾಗೆ ಸಿಗ್ನಲ್ ಕೊಡೋ ಸ್ಯಾಟಲೈಟ್ 36,000 ಕಿ.ಮೀ. ಎತ್ತರದಲ್ಲಿರುತ್ತೆ, ಅಲ್ಲಿಗೆ ಏಟು ಕಡಿಮೆ. ಕೆಳಗಿನ ಕಕ್ಷೆಯಲ್ಲಿರೋ ಹವಾಮಾನ, ಫೋಟೋ, ಇಂಟರ್ನೆಟ್ ಸ್ಯಾಟಲೈಟ್‌ಗಳದ್ದೇ ಚಿಂತೆ. ಸ್ಟಾರ್‌ಫಿಶ್ ಕಾಲದಲ್ಲಿ ಅಲ್ಲಿ ಬೆರಳೆಣಿಕೆಯಷ್ಟಿದ್ವು, ಈಗ ಸಾವಿರಾರಿವೆ, ರಷ್ಯಾದವೂ ಚೀನಾದವೂ ಅದರಲ್ಲೇ ಇವೆ.

"1967ರಲ್ಲೇ ಒಪ್ಪಂದ ಆಗಿದೆಯಲ್ಲ, ಬಾಹ್ಯಾಕಾಶ ಶಾಂತಿಗೆ ಮಾತ್ರ ಅಂತ ನಾನೇ ಮಕ್ಕಳಿಗೆ ಪಾಠ ಮಾಡಿದೀನಿ. ಮತ್ತೆ ವರ್ಷಾವರ್ಷ ವಿಶ್ವಸಂಸ್ಥೆಯಲ್ಲಿ ಅದೇ ಚರ್ಚೆ ಯಾಕೆ?" (ದಾವಣಗೆರೆಯ ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ನೀವು ಮಾಡಿದ ಪಾಠ ತಪ್ಪಲ್ಲ, ಅರ್ಧ ಅಷ್ಟೇ. ಆ 1967ರ ಬಾಹ್ಯಾಕಾಶ ಒಪ್ಪಂದದ ನಾಲ್ಕನೇ ವಿಧಿ ಓದಿ. ಎರಡು ಭಾಗ ಇದೆ. ಮೊದಲನೇದು, ಅಣ್ವಸ್ತ್ರ ಮತ್ತು ಸಾಮೂಹಿಕ ನಾಶದ ಅಸ್ತ್ರಗಳನ್ನ ಭೂಮಿಯ ಸುತ್ತ ಕಕ್ಷೆಯಲ್ಲಿ ಇಡಬಾರದು. ಎರಡನೇದು, ಚಂದ್ರ ಮತ್ತು ಬೇರೆ ಆಕಾಶಕಾಯಗಳನ್ನ ಶಾಂತಿಯ ಕೆಲಸಕ್ಕೆ ಮಾತ್ರ ಬಳಸಬೇಕು, ಅಲ್ಲಿ ಸೇನಾ ನೆಲೆ ಕಟ್ಟಬಾರದು, ಅಸ್ತ್ರ ಪರೀಕ್ಷೆ ಮಾಡಬಾರದು. "ಶಾಂತಿಗೆ ಮಾತ್ರ" ಅನ್ನೋ ಮಾತು ಬರೋದು ಈ ಎರಡನೇ ಭಾಗದಲ್ಲಿ, ಚಂದ್ರನಿಗೆ. ಭೂಮಿ ಸುತ್ತ ಇರೋ ಕಕ್ಷೆಗೆ ಆ ಮಾತು ಹೇಳೇ ಇಲ್ಲ! ಮಾಮೂಲಿ ಗನ್, ಲೇಸರ್, ಕ್ಷಿಪಣಿ ಬಗ್ಗೆ ಒಂದಕ್ಷರ ಇಲ್ಲ. ಖಂಡಾಂತರ ಕ್ಷಿಪಣಿ ಬಾಹ್ಯಾಕಾಶದ ಮೂಲಕವೇ ಹಾರಿ ಬಂದು ಬೀಳುತ್ತೆ, ಅದೂ ತಪ್ಪಲ್ಲ, ಯಾಕಂದ್ರೆ ಅದು ಒಂದು ಪೂರ್ತಿ ಸುತ್ತು ಹಾಕಲ್ಲ.

ಇದು ಬರೀ ಕಾಗದದ ಮೇಲಿನ ತೂತು ಅಲ್ಲ. ಸೋವಿಯತ್ ರಷ್ಯಾ 1974ರಲ್ಲಿ ಸಾಲ್ಯೂಟ್-3 ಅಂತ ನಿಲ್ದಾಣ ಹಾರಿಸ್ತು, ಹೊರಗೆ ಸಂಶೋಧನೆ ಅಂತ ಹೆಸರು, ಒಳಗೆ ಸೇನೆಯ ಬೇಹುಗಾರಿಕೆ. ಅದಕ್ಕೆ ಯುದ್ಧವಿಮಾನದ್ದೊಂದು ಫಿರಂಗಿಯಂಥಾ ಗನ್ ಫಿಟ್ ಮಾಡಿದ್ರು. ಗನ್ ತಿರುಗಲ್ಲ, ನಿಲ್ದಾಣಕ್ಕೇ ಬಿಗಿದುಬಿಟ್ಟಿದ್ರು, ಗುರಿ ಇಡಬೇಕಂದ್ರೆ ಇಡೀ ನಿಲ್ದಾಣನೇ ತಿರುಗಬೇಕು, ಗಾಡಿ ಸಮೇತ ಬಂದೂಕು ತಿರುಗಿಸಿದ ಹಾಗೆ. ಸಿಡಿದಾಗ ನಿಲ್ದಾಣ ಹೇಗೆ ಅಲ್ಲಾಡುತ್ತೋ ಅನ್ನೋ ಭಯಕ್ಕೆ ಒಳಗೆ ಯಾರೂ ಇಲ್ಲದಾಗ, 1975ರ ಜನವರಿಯಲ್ಲಿ, ಕೆಳಗಿಂದಾನೇ ಕಮಾಂಡ್ ಕೊಟ್ಟು ಹೊಡೆದು ನೋಡಿದ್ರು. ಒಪ್ಪಂದಕ್ಕೆ ಸಹಿ ಹಾಕಿದ ದೇಶನೇ ಮಾಡಿದ್ದು, ಒಪ್ಪಂದ ಮುರಿದ ಹಾಗೂ ಆಗಲಿಲ್ಲ.

ಈ ತೂತು ಮುಚ್ಚೋಕೆ ಅಂತಾನೇ 1980ರ ದಶಕದಿಂದ "ಬಾಹ್ಯಾಕಾಶದಲ್ಲಿ ಶಸ್ತ್ರಾಸ್ತ್ರ ಪೈಪೋಟಿ ತಡೆಯೋದು" ಅಂತ ನಿರ್ಣಯ ಪ್ರತಿ ವರ್ಷ ಮಹಾಸಭೆಗೆ ಬರುತ್ತೆ, ಪಾರೋಸ್ ಅಂತ ಚಿಕ್ಕದಾಗಿ ಕರೀತಾರೆ. ಮಾತುಕತೆ ನಡೀಬೇಕಾದ ಜಾಗ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನ. 65 ದೇಶ, ಎಲ್ಲರೂ ಒಪ್ಪಿದ್ರೆ ಮಾತ್ರ ಮುಂದೆ, ಒಬ್ಬರು ಬೇಡ ಅಂದ್ರೆ ನಿಂತೋಯ್ತು. 1985ರಿಂದ 1994ರ ತನಕ ಇದಕ್ಕೇ ಒಂದು ಸಮಿತಿ ಇತ್ತು, ಆಮೇಲೆ ಅದೂ ಹೋಯ್ತು. 1996ರ ಅಣುಪರೀಕ್ಷಾ ನಿಷೇಧದ ಕರಡು ಆದ್ಮೇಲೆ ಅಲ್ಲಿಂದ ಒಂದೇ ಒಂದು ಒಪ್ಪಂದ ಹೊರಬಂದಿಲ್ಲ, ಬಾಹ್ಯಾಕಾಶದ್ದು ಬಿಡಿ, ಯಾವುದೂ. ವರ್ಷಪೂರ್ತಿ ಏನು ಚರ್ಚೆ ಮಾಡಬೇಕು ಅನ್ನೋ ಪಟ್ಟಿ ಒಪ್ಪೋದ್ರಲ್ಲೇ ವರ್ಷ ಕಳೆಯುತ್ತೆ. ನಮ್ಮ ಕೆಲವು ಸಹಕಾರ ಸಂಘದ ಮೀಟಿಂಗ್ ಇದಕ್ಕಿಂತ ಬೇಗ ಮುಗಿಯುತ್ತೆ ಮೇಷ್ಟ್ರೇ.

"ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಸಿಂಪಲ್ ಡೌಟ್. ಬಾಹ್ಯಾಕಾಶದಲ್ಲಿ ಯಾವ ಅಸ್ತ್ರನೂ ಬೇಡ ಅಂತ ಒಂದು ಲೈನ್ ಬರೆದು ಎಲ್ಲರ ಸಹಿ ಹಾಕಿಸೋಕೆ ಏನು ಕಷ್ಟ?"

ನೀವು ಇಂಜಿನಿಯರ್ ಅಲ್ವಾ, ಹಾಗಾದ್ರೆ ಮೊದಲು "ಅಸ್ತ್ರ" ಅನ್ನೋದನ್ನ ಡಿಫೈನ್ ಮಾಡಿ ಕೊಡಿ ನೋಡೋಣ.

2022ರ ಜನವರಿಯಲ್ಲಿ ಚೀನಾದ ಎಸ್‌ಜೆ-21 ಅನ್ನೋ ಸ್ಯಾಟಲೈಟ್, ಕೆಟ್ಟು ನಿಂತಿದ್ದ ತಮ್ಮದೇ ಬೈಡೂ (ಜಿಪಿಎಸ್ ಥರ ದಾರಿ ತೋರಿಸೋದು) ಸ್ಯಾಟಲೈಟ್ ಒಂದನ್ನ ಹಿಡ್ಕೊಂಡು ಎಳೆದು, ಯಾರಿಗೂ ಅಡ್ಡ ಆಗದ ಎತ್ತರಕ್ಕೆ ಒಯ್ದು ಬಿಟ್ಟು ಬಂತು. ಒಳ್ಳೇ ಕೆಲಸನೇ. ಕೆಟ್ಟು ನಿಂತ ಲಾರಿನ ಟೋ ಮಾಡಿ ರಸ್ತೆ ಖಾಲಿ ಮಾಡಿದ ಹಾಗೆ. ಆದ್ರೆ ಅದೇ ಗಾಡಿ ನಾಳೆ ಚೆನ್ನಾಗಿ ಓಡ್ತಿರೋ ಬೇರೆಯವರ ಲಾರಿನೂ ಎಳ್ಕೊಂಡು ಹೋಗಬಹುದಲ್ವಾ? ರಿಪೇರಿ ಮಾಡೋ ರೋಬೋಟ್ ಕೈ, ಕಸ ಹಿಡಿಯೋ ಬಲೆ, ಎಲ್ಲದರ ಕಥೆನೂ ಇಷ್ಟೇ.

ರಷ್ಯಾ ಮತ್ತು ಚೀನಾ 2008ರಲ್ಲಿ ಒಂದು ಕರಡು ಒಪ್ಪಂದ ಇಟ್ರು, 2014ರಲ್ಲಿ ತಿದ್ದಿ ಮತ್ತೆ ಇಟ್ರು. ಬಾಹ್ಯಾಕಾಶದಲ್ಲಿ ಅಸ್ತ್ರ ಇಡಬಾರದು, ಬೇರೆಯವರ ಸ್ಯಾಟಲೈಟ್ ಮೇಲೆ ಬಲ ಬಳಸಬಾರದು ಅಂತ. ಕೇಳೋಕೆ ನಿಮ್ಮ ಒಂದು ಲೈನ್ ಥರಾನೇ ಇದೆ. ಆದ್ರೆ ಅದರಲ್ಲಿ ಅಸ್ತ್ರ ಅಂದ್ರೆ ಹಾನಿ ಮಾಡೋಕೆ "ವಿಶೇಷವಾಗಿ" ತಯಾರಿಸಿದ ವಸ್ತು. ನಮ್ಮದು ಟೋಯಿಂಗ್ ಗಾಡಿ ಸ್ವಾಮಿ ಅಂದುಬಿಟ್ರೆ ಮುಗೀತು. ಇನ್ನೊಂದು, ನೆಲದಿಂದ ಹಾರಿಸೋ ಕ್ಷಿಪಣಿ ತಯಾರಿಸಿ ಇಟ್ಕೊಂಡ್ರೆ ಅದಕ್ಕೆ ತಡೆ ಇಲ್ಲ. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೇ ಹವಾಮಾನ ಸ್ಯಾಟಲೈಟನ್ನ ಸುಮಾರು 865 ಕಿ.ಮೀ. ಎತ್ತರದಲ್ಲಿ ಒಡೆದಿದ್ದು ಅಂಥಾ ಕ್ಷಿಪಣಿಯಿಂದಾನೇ, 3,000ಕ್ಕೂ ಹೆಚ್ಚು ಚೂರು, ಇವತ್ತಿಗೂ ಬಹಳಷ್ಟು ಸುತ್ತುತ್ತಾ ಇವೆ. ಕರಡು ಬಂದಿದ್ದು ಅದರ ಮುಂದಿನ ವರ್ಷ! ಅಮೆರಿಕ ಇದನ್ನೇ ಹಿಡ್ಕೊಂಡು, ಜೊತೆಗೆ ಯಾರು ಏನು ಇಟ್ಟಿದಾರೆ ಅಂತ ತಪಾಸಣೆ ಮಾಡೋ ವ್ಯವಸ್ಥೆನೂ ಇಲ್ಲ ಅಂತ ತಳ್ಳಿಹಾಕ್ತು. ಅಮೆರಿಕದ ಮಾತಲ್ಲಿ ಹುರುಳಿದೆ, ಆದ್ರೆ ಅವರೇನು ಸಾಚಾ ಅಲ್ಲ. ಕ್ಷಿಪಣಿ ತಡೆ ವ್ಯವಸ್ಥೆಯನ್ನ ಬಾಹ್ಯಾಕಾಶದಲ್ಲಿ ಇಡೋದನ್ನ ತಡೀತಿದ್ದ 1972ರ ಎಬಿಎಂ ಒಪ್ಪಂದದಿಂದ 2002ರಲ್ಲಿ ಎದ್ದು ಹೋದವರು ಅವರೇ, ಮೇಲೆ ತಮ್ಮ ಕೈ ಕಟ್ಟಿಹಾಕೋ ಯಾವ ಒಪ್ಪಂದವೂ ಅವರಿಗೆ ಇಷ್ಟ ಆಗಲ್ಲ.

ಹಾರ್ಡ್‌ವೇರ್ ಬಿಡಿ, ನಿಮ್ಮ ಲೈನಿಗೇ ಬರ್ತೀನಿ. 2022ರ ಫೆಬ್ರವರಿ 24, ರಷ್ಯಾ ಸೇನೆ ಉಕ್ರೇನ್ ಒಳಗೆ ನುಗ್ಗೋಕೆ ಸುಮಾರು ಒಂದು ಗಂಟೆ ಮುಂಚೆ ಕೆಎ-ಸ್ಯಾಟ್ ಅನ್ನೋ ಸ್ಯಾಟಲೈಟ್ ಇಂಟರ್ನೆಟ್ ಜಾಲಕ್ಕೆ ಸೈಬರ್ ದಾಳಿ ಆಯ್ತು. ಸ್ಯಾಟಲೈಟ್‌ಗೆ ಒಂದು ಗೀರೂ ಬೀಳಲಿಲ್ಲ, ಕೆಳಗಿದ್ದ ಸಾವಿರಾರು ಮೋಡೆಮ್ ಕೆಲಸಕ್ಕೆ ಬಾರದೆ ಇಟ್ಟಿಗೆ ಥರ ಆದ್ವು, ಯುದ್ಧಕ್ಕೆ ಸಂಬಂಧನೇ ಇಲ್ಲದ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ರಿಮೋಟ್ ಸಂಪರ್ಕ ಕಟ್ ಆಯ್ತು. ಈಗ ಹೇಳಿ, ಇಲ್ಲಿ ಅಸ್ತ್ರ ಎಲ್ಲಿತ್ತು?

ಅದಕ್ಕೇ ಇತ್ತೀಚೆಗೆ ಬ್ರಿಟನ್ ಮತ್ತೆ ಕೆಲವರು ಬೇರೆ ದಾರಿ ಹಿಡಿದ್ರು. ವಸ್ತು ಬೇಡ, ನಡವಳಿಕೆ ನೋಡೋಣ, ಏನಿದೆ ಅನ್ನೋದಕ್ಕಿಂತ ಏನು ಮಾಡ್ತೀರಿ ಅನ್ನೋದಕ್ಕೆ ನಿಯಮ ಹಾಕೋಣ ಅಂತ. ನನಗೆ ಇದೇ ಸರಿ ಅನ್ಸುತ್ತೆ, ಯಾಕಂದ್ರೆ ಯಾರ ಮನಸ್ಸಲ್ಲಿ ಏನಿದೆ ಅಂತ ದುರ್ಬೀನಲ್ಲಿ ಕಾಣಲ್ಲ, ಆದ್ರೆ ಒಂದು ಸ್ಯಾಟಲೈಟ್ ಚೂರಾದ್ರೆ ಎಲ್ಲರ ರೇಡಾರಲ್ಲೂ ಕಾಣುತ್ತೆ. ತಪಾಸಣೆ ಕೆಲಸ ತಾನಾಗೇ ಆಗೋಯ್ತು.

"2019ರಲ್ಲಿ ಭಾರತ ಮಿಷನ್ ಶಕ್ತಿ ಮಾಡಿದ್ದು ಕಾನೂನು ಪ್ರಕಾರ ತಪ್ಪಾ? ಆಮೇಲೆ ವಿಶ್ವಸಂಸ್ಥೆಯಲ್ಲಿ ಇಂಥಾ ಪರೀಕ್ಷೆ ಬೇಡ ಅಂತ ವೋಟ್ ಆದಾಗ ನಾವ್ಯಾಕೆ ಎಸ್ ಅನ್ನಲಿಲ್ಲ? ಇನ್ನೊಂದು, ಈ ಫೀಲ್ಡಲ್ಲಿ ಕೆಲಸ ಸಿಗುತ್ತಾ ಸರ್?" (ಹಾಸನದ ಪಿಯುಸಿ ವಿದ್ಯಾರ್ಥಿ)

ತಪ್ಪಲ್ಲಪ್ಪ. ಮೇಲೆ ಮೇಷ್ಟ್ರಿಗೆ ಹೇಳಿದ ಉತ್ತರ ಓದು, ಅಲ್ಲಿ ತಡೆಯೋ ನಿಯಮನೇ ಇಲ್ಲ. ಮಾರ್ಚ್ 27ರ ಮಧ್ಯಾಹ್ನ ಪ್ರಧಾನಿ ಟೀವಿಗೆ ಬಂದು ಹೇಳಿದ್ದು ನೆನಪಿರಬಹುದು, ನೀನಾಗ ಪ್ರೈಮರಿಯಲ್ಲಿದ್ದೆ ಅನ್ಸುತ್ತೆ. ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಡಿಆರ್‌ಡಿಒ ಕ್ಷಿಪಣಿ ಹಾರಿಸಿ, ಎರಡು ತಿಂಗಳ ಹಿಂದಷ್ಟೇ ಪಿಎಸ್‌ಎಲ್‌ವಿಯಲ್ಲಿ ಕಳಿಸಿದ್ದ ನಮ್ಮದೇ ಮೈಕ್ರೋಸ್ಯಾಟ್-ಆರ್ ಅನ್ನ ಒಡೀತು. 300 ಕಿ.ಮೀ. ಒಳಗಿನ ಎತ್ತರ ಬೇಕಂತಾನೇ ಆರಿಸಿದ್ದು, ಚೂರುಗಳು ಬೇಗ ಕೆಳಗಿಳಿದು ಸುಟ್ಟುಹೋಗ್ಲಿ ಅಂತ. 45 ದಿನದಲ್ಲಿ ಎಲ್ಲ ಹೋಗುತ್ತೆ ಅಂದಿದ್ರು. ಬಹುಪಾಲು ಹೋಯ್ತು ನಿಜ, ಆದ್ರೆ ಡಿಕ್ಕಿಯ ರಭಸಕ್ಕೆ ಕೆಲವು ಚೂರು ಬಾಹ್ಯಾಕಾಶ ನಿಲ್ದಾಣಕ್ಕಿಂತ ಮೇಲಕ್ಕೆ ಚಿಮ್ಮಿದ್ವು, ಅವು ಇಳಿಯೋಕೆ ವರ್ಷದ ಮೇಲೆ ಹಿಡೀತು. ಕೆಳಗೆ ಒಡೆದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಪೂರ್ತಿ ಸರಿ ಹೋಗಲ್ಲ ಅಂತ ಇದ್ರಿಂದ ಗೊತ್ತಾಗುತ್ತೆ.

ಇನ್ನು ವೋಟು. 2021ರ ನವೆಂಬರ್ 15ರಂದು ರಷ್ಯಾ ತನ್ನದೇ ಹಳೇ ಸ್ಯಾಟಲೈಟ್ ಕಾಸ್ಮೋಸ್-1408 ಅನ್ನ ಒಡೆದಾಗ 1,500ಕ್ಕೂ ಹೆಚ್ಚು ದೊಡ್ಡ ಚೂರು ಹಬ್ಬಿ, ನಿಲ್ದಾಣದಲ್ಲಿದ್ದ ಏಳೂ ಜನ ತಮ್ಮ ತಮ್ಮ ನೌಕೆಯೊಳಗೆ ಹೋಗಿ ಬಾಗಿಲು ಹಾಕ್ಕೊಂಡು ಕೂರಬೇಕಾಯ್ತು, ಅವರಲ್ಲಿ ಇಬ್ಬರು ರಷ್ಯಾದವರೇ! ಮುಂದಿನ ಏಪ್ರಿಲ್‌ನಲ್ಲಿ ಅಮೆರಿಕ ಇನ್ಮೇಲೆ ಇಂಥಾ ಚೂರಾಗೋ ಪರೀಕ್ಷೆ ಮಾಡಲ್ಲ ಅಂತ ತಾನಾಗೇ ಘೋಷಿಸ್ತು, ಡಿಸೆಂಬರ್‌ನಲ್ಲಿ ಅದೇ ಮಾತು ಮಹಾಸಭೆಗೆ ಬಂತು. 155 ದೇಶ ಪರ. ರಷ್ಯಾ, ಚೀನಾ ಸೇರಿ 9 ವಿರೋಧ. ತಟಸ್ಥರು 9, ಅದರಲ್ಲಿ ಭಾರತನೂ ಇದೆ, ಪಾಕಿಸ್ತಾನನೂ ಇದೆ. ನಾವಿಬ್ಬರೂ ಒಂದೇ ಸಾಲಲ್ಲಿ ನಿಲ್ಲೋದು ಅಪರೂಪ.

ನಮ್ಮ ಕಡೆಯ ವಾದ ಏನಂದ್ರೆ, ಇಂಥಾ ಸ್ವಯಂ ಘೋಷಣೆ ಸಾಲದು, ಕಾನೂನಿನ ಬಲ ಇರೋ ಒಪ್ಪಂದ ಜಿನೀವಾದಲ್ಲೇ ಆಗಬೇಕು. ಇದರ ಹಿಂದೆ ಒಂದು ಹಳೇ ನೋವಿದೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಮಾಡಿದಾಗ, 1967ರ ಜನವರಿ 1ಕ್ಕೆ ಮುಂಚೆ ಪರೀಕ್ಷೆ ಮಾಡಿದವರು ಒಳಗೆ, ಮಿಕ್ಕವರು ಹೊರಗೆ ಅಂತ ಗೆರೆ ಎಳೆದುಬಿಟ್ರು. ಬಾಹ್ಯಾಕಾಶದಲ್ಲೂ ಹಾಗೆ ಬಾಗಿಲು ಹಾಕೋ ಮುಂಚೆ ಒಳಗೆ ಕಾಲಿಡಬೇಕು ಅನ್ನೋ ಯೋಚನೆ 2019ರ ಹಿಂದೆ ಇತ್ತು ಅಂತ ಬಹಳ ಜನ ವಿಶ್ಲೇಷಕರು ಹೇಳ್ತಾರೆ. ಸರಿ, ಕಾಲಿಟ್ಟಾಯ್ತಲ್ಲ? ಇನ್ನೊಂದು ಸಲ ಒಡೆದು ತೋರಿಸೋ ಅಗತ್ಯ ನಮಗೇನೂ ಕಾಣಲ್ಲ, ಕ್ಷಿಪಣಿ ಇಟ್ಕೋಬೇಡಿ ಅಂತಾನೂ ಆ ನಿರ್ಣಯದಲ್ಲಿ ಇಲ್ಲ. ಎಸ್ ಅಂದಿದ್ರೆ ನಾವು ಕಳ್ಕೊಳ್ತಿದ್ದಿದ್ದು ಬಹಳ ಕಡಿಮೆ. ಇದು ನನ್ನ ಅಭಿಪ್ರಾಯ, ದೆಹಲಿಯದ್ದಲ್ಲ.

ಕೆಲಸದ ಬಗ್ಗೆ ಕೇಳಿದ್ದೀಯ. ನಿಮ್ಮ ಊರಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಗೊತ್ತಿರುತ್ತೆ. ಬೆಂಗಳೂರಿನ ಪೀಣ್ಯದಲ್ಲಿ 2022ರಿಂದ ಒಂದು ಕೇಂದ್ರ ನಡೀತಿದೆ, ನಮ್ಮ ಯಾವ ಸ್ಯಾಟಲೈಟ್ ಹತ್ರ ಯಾವ ಚೂರು ಬರ್ತಿದೆ ಅಂತ ದಿನಾ ಲೆಕ್ಕ ಹಾಕೋದೇ ಅಲ್ಲಿನ ಕೆಲಸ, ಅಲ್ಲಿಗೆ ಫಿಸಿಕ್ಸ್ ಮ್ಯಾಥ್ಸ್ ಓದಿದವರು ಬೇಕು. ಸೇನೆಯ ಡಿಫೆನ್ಸ್ ಸ್ಪೇಸ್ ಏಜೆನ್ಸಿನೂ ಬೆಂಗಳೂರಲ್ಲೇ ಇರೋದು. ಲಾ ಓದೋ ಮನಸ್ಸಿದ್ರೆ ಅದೂ ಒಳ್ಳೇದು, ಅಣ್ವಸ್ತ್ರ, ಬಾಹ್ಯಾಕಾಶ ಎರಡೂ ಗೊತ್ತಿರೋ ವಕೀಲರು ನಮ್ಮಲ್ಲಿ ತೀರಾ ಕಡಿಮೆ. ವಿಶ್ವಸಂಸ್ಥೆಯ ಈಗಿನ ಪಾರೋಸ್ ಕಾರ್ಯತಂಡದ ಅವಧಿ 2028ರ ತನಕ ಇದೆ, ಆ ತನಕ ಎರಡನೇ ಪಿಯು ಪಾಸ್ ಮಾಡ್ಕೋ ಮೊದಲು.